ಎಲ್ಲರಿಗೂ ಕೇಳುವ ಮೈಕು

ದುದ್ದ, ಹಾಸನ ತಾಲ್ಲೂಕು
೮ ಜುಲೈ ೨೦೨೪

ಪ್ರೀತಿಯ ತಂಗಿ ಸಿಂಧು,

ಹೇಗಿದ್ದೀಯವ್ವ? ಅರಕಲಗೂಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ? ನನ್ನ ನಂಬರು ಬ್ಲಾಕ್ ಮಾಡಿದ್ದೀಯ. ಚಿಕ್ಕಮ್ಮನಿಗೆ ಫೋನ್ ಮಾಡಿದರೆ 'ಅವ್ಳು ಯಾರ್ ಕುಟ್ಟೂ ಮಾತಾಡಕಿಲ್ಲ ಕಣಪ್ಪ, ಕೈಸನ್ನೇಲೇ ನೀರ್ ಕೇಳ್ತಾಳೆ' ಎಂದು ಅತ್ತುಬಿಟ್ಟರು. ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಓದಿ ಹರಿ. ಇಲ್ಲಿ ಕೆಂದ ಹಸು ಹೆಣ್ಣುಗರು ಹಾಕಿದೆ. ಅವ್ವ ನನಗೆ ತಟ್ಟೆ ಇಟ್ಟು, ಮುಖ ನೋಡದೆ ಎದ್ದು ಹೋಗುತ್ತಾಳೆ.

ಮೊಬೈಲಿನ ಬಂದೂಕಿನಾಟದ ಆ ಫೈನಲ್ ಕಣ್ಣಿಂದ ಹೋಗುತ್ತಿಲ್ಲ. ನಿನ್ನ ತಂಡಕ್ಕೂ ನನ್ನ ತಂಡಕ್ಕೂ. ನೀನು, ನಿನ್ನ ಜೊತೆ ಓದುವ ನಟರಾಜ ಹೊಳೆನರಸೀಪುರದಿಂದ, ನಾನು ನಮ್ಮ ಹಾಲಿನ ಡೈರಿ ಜಗಲಿಯಿಂದ ಆಡುತ್ತಿದ್ದೆವು. ಮೊದಲ ಸುತ್ತಿನಲ್ಲಿ ನೀನು ಬಾಗಿಲಲ್ಲಿ ಒಳ್ಳೆ ಬಂದೂಕು ಬಿಟ್ಟು ಅಡಗಿ ಕೂತೆ, ಅದನ್ನೆತ್ತಲು ನಾನು ಬಗ್ಗಿದಾಗ ಹೊಡೆದೆ. ಇನ್ನೊಂದರಲ್ಲಿ ಗುಂಡು ಮುಗಿದವಳ ಹಾಗೆ ಓಡಿ, ನಟರಾಜನ ಎದುರಿಗೇ ನಮ್ಮನ್ನು ತಂದು ನಿಲ್ಲಿಸಿದೆ. ಮೋಸ ಮೋಸ ಎಂದು ಕೂಗಾಡಿದೆ ನಾನು. ಮೋಸವೆಲ್ಲಿ ಬಂತು? ನನ್ನ ಆಸೆಬುರುಕತನ ನಿನಗೆ ಗೊತ್ತಿತ್ತು, ಅದನ್ನು ನೀನು ಆಟಕ್ಕೇ ಬಳಸಿದೆ. ಅದಕ್ಕೆ ತಲೆ ಬೇಕು.

ನಾನು ಮಾಡಿದ್ದೇನು? ಎಲ್ಲರಿಗೂ ಕೇಳುವ ಮೈಕು ಆನ್ ಮಾಡಿ, ನೀನು ಉಗ್ಗುವ ಹಾಗೆ ಉಗ್ಗಿದೆ. ನಮ್ಮೂರಿನ ಒಂದೇ ಕೋಣೆಯ ಸ್ಕೂಲಲ್ಲಿ ಹಾಜರಿ ಕೂಗಿದಾಗ ನಿನಗೆ ಮಾತು ಸಿಕ್ಕಿಕೊಂಡರೆ ಹಿಂದಿನಿಂದ 'ಸಿಂಧು ಬಂದವ್ಳೆ ಸಾ' ಎನ್ನುತ್ತಿದ್ದವನು ನಾನೇ ಅಲ್ಲವೇ? ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನನ್ನಷ್ಟು ಯಾರಿಗೂ ಗೊತ್ತಿರಲಿಲ್ಲ. ನೀನು ನಿಂತಲ್ಲೇ ನಿಂತೆ. ನಾನು ಹೊಡೆದೆ, ಗೆದ್ದೆ. ಆಮೇಲೆ ಅದಕ್ಕೆ ಮೈಂಡ್ ಗೇಮ್ ಅಂತ ಹೆಸರಿಟ್ಟೆ, ಥೂ ನನ್ನ ಬಾಯಿಗೆ! ಚೌಕಾಬಾರ ಆಡುವಾಗ ಬೆಟ್ಟಮ್ಮಜ್ಜಿ ಎಷ್ಟು ಸಲ ಗದರಿಸಿಲ್ಲ, 'ಕಾಯಿ ಕಡಿ ಕಣ್ಲಾ, ಎದುರ್ಗೆ ಕುಂತೋರ್ನ ಆಡ್ಕೊಂಡ್ರೆ ಮಣೆ ಎತ್ತಿಟ್ಬುಡ್ತೀನಿ' ಅಂತ. ಆ ದಿನ ಮಣೆ ಎತ್ತಿಡುವವರು ಯಾರೂ ಇರಲಿಲ್ಲ.

ನನ್ನ ಆ ಅಣಕದ ರೆಕಾರ್ಡಿಂಗ್ ಫೋನಿಂದ ಫೋನಿಗೆ ಹೋಗಿ, ನೀನು ಬಿ.ಎಡ್. ಪಾಠ ಮಾಡಲು ನಿಂತ ತರಗತಿಗೂ ಬಂತು. ಮಕ್ಕಳು ಅಣಕಿಸಿದರಂತೆ. ಸೀಮೆಸುಣ್ಣ ಇಟ್ಟು ಹೊರಟವಳು ಅವತ್ತಿನಿಂದ ಬಾಯೇ ಬಿಟ್ಟಿಲ್ಲ. ಈ ತಿಂಗಳ ಇಪ್ಪತ್ತೆರಡರೊಳಗೆ ಬರದಿದ್ದರೆ ಈ ವರ್ಷ ಹೋದಂತೆ ಎಂದು ಕಾಲೇಜಿನವರು ಹೇಳಿದ್ದಾರೆ. ಹೋಗು ಸಿಂಧು. ನನ್ನ ಮೇಲಿನ ಸಿಟ್ಟಿಗೆ ಬೇಕಾದರೂ ಹೋಗು. ನೀನು ಮಾತು ಬಿಟ್ಟರೆ ನಾನು ಬದುಕಿದ್ದೂ ಸತ್ತ ಹಾಗೆ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಹರಸುವ ಯೋಗ್ಯತೆ ಉಳಿದಿಲ್ಲ, ಆದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಶಶಿಕುಮಾರ್

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು. ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ರೆಕಾರ್ಡಿಂಗ್ ಹರಡಿದ್ದು ನಟರಾಜ ಅಂದಿದ್ದೆನಲ್ಲ, ಸುಳ್ಳು. ಗೆದ್ದ ಜಂಬಕ್ಕೆ ಗೆಳೆಯರ ಗ್ರೂಪಿಗೆ ಹಾಕಿದವನು ನಾನು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು ನೀನು ಅವನ ಕೆನ್ನೆಗೆ ಬಾರಿಸಿದಾಗಲೂ ಅವನಿಗೆ ಅದು ಗೊತ್ತಿತ್ತು. ಯಾಕೆ ಹೇಳಲಿಲ್ಲವೆಂದು ನಾನು ನಿನ್ನೆ ಅವನನ್ನು ಕೇಳಿದೆ. 'ಅವ್ಳಿಗೆ ಅಣ್ಣ ಅಂತ ಒಬ್ಬ ಇರ್ಲಿ ಅಂತ ಸುಮ್ಕಿದ್ದೆ' ಅಂದ.