ಹನ್ನೆರಡನೆಯ ಉಲ್ಲೇಖ

ಹುಡುಗಿಯರ ಹಾಸ್ಟೆಲ್, ರೂಮ್ 214
22 ಜೂನ್ 2025, ಭಾನುವಾರ

ಪ್ರೀತಿಯ ದೊಡ್ಡಮ್ಮನಿಗೆ,

ನಿನ್ನ ಭವ್ಯ ಮಾಡುವ ನಮಸ್ಕಾರ. ನಾನು ಆರಾಮಾಗಿದ್ದೇನೆ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಆದ್ದರಿಂದ ಆ ಸಾಲನ್ನು ಬಿಟ್ಟೇ ಶುರು ಮಾಡುತ್ತಿದ್ದೇನೆ.

ತಡವಾಯಿತು, ಬೈಯಬೇಡ. ನೀನು ಕಳಿಸಿದ ಕವರು, ಹಲಸಿನ ಹಪ್ಪಳ ನನ್ನ ಕೈ ಸೇರಿ ಇವತ್ತಿಗೆ ಎಂಟು ದಿನ. ಸೋಮನಾಥಣ್ಣ ಬಸ್ ಸ್ಟ್ಯಾಂಡಿಗೆ ಕರೆಸಿ ಕೊಟ್ಟ. "ಎಂತ ಡಾಕ್ಟ್ರಮ್ಮ, ಕೊಪ್ಪದ ಬಸ್ಸಿನ ಕಂಡಕ್ಟರ್ ಈಗ ಪೋಸ್ಟ್‌ಮ್ಯಾನೂ ಆದ ನೋಡು. ಉತ್ತರ ಬೇಗ ಕೊಡು ಮಾರಾಯ್ತಿ. ನಿನ್ನ ದೊಡ್ಡಮ್ಮ ಇನ್ನು ದಿನಾ ಹಿರೇಕೊಡಿಗೆಯಲ್ಲಿ ಬಸ್ಸಿಗೆ ಅಡ್ಡ ನಿಂತು ಕೇಳ್ತಾಳೆ, ಪ್ಯಾಸೆಂಜರ್ ಬೈಯೋದು ನಂಗೆ" ಎಂದ. ಇಂಟರ್ನಲ್ಸ್ ಇತ್ತು ಎಂದು ನೆಪ ಹೇಳಬಹುದು. ಇತ್ತು ಕೂಡ. ಅನಾಟಮಿಯಲ್ಲಿ ಮತ್ತೆ ಬಾರ್ಡರ್‌ನಲ್ಲಿ ಪಾಸಾಗಿದ್ದೇನೆ. ಆದರೆ ತಡಕ್ಕೆ ಅದು ಕಾರಣವಲ್ಲ.

ಆರೋಗ್ಯ ಇಲಾಖೆ ಕೊಟ್ಟಿದ್ದ ಫೋನನ್ನೂ ನಿನ್ನಿಂದ ವಾಪಸ್ ಇಸಿದುಕೊಂಡರಂತೆ. ಫೋನಿದ್ದರೂ ನಾನು ಮಾಡುತ್ತಿರಲಿಲ್ಲವೇನೋ. ನಿನ್ನ ದನಿ ಕೇಳಿದರೆ ಬೇರೆ ಏನೇನೋ ಮಾತಾಡಿ ಇಟ್ಟುಬಿಡುತ್ತೇನೆ.

ಕವರಿನಲ್ಲಿದ್ದ ಆರ್ಡರಿನ ಜೆರಾಕ್ಸನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹದಿನಾಲ್ಕು ವರ್ಷ ಆಶಾ ಕಾರ್ಯಕರ್ತೆಯಾಗಿದ್ದ ಶ್ರೀಮತಿ ಶಾಂತಮ್ಮ ಇವರನ್ನು ಕೆಲಸದಿಂದ ಬಿಡುಗಡೆಗೊಳಿಸಲಾಗಿದೆ ಎಂದು ಇದೆ. ಅದರ ಕೆಳಗಿನ ಸಾಲು ನನಗೆ ಬಾಯಿಪಾಠವಾಗಿದೆ: "ಪ್ರಕಟಿತ ವೈಜ್ಞಾನಿಕ ಅಧ್ಯಯನದ ಪ್ರಕಾರವೂ ಸದರಿ ಭಾಗದ ಕಾರ್ಯಕರ್ತೆಯು ಮಂಗನ ಕಾಯಿಲೆಯ ಶಂಕಿತ ಜ್ವರ ಪ್ರಕರಣಗಳನ್ನು ಸರಾಸರಿ ಒಂಬತ್ತು ದಿನ ತಡವಾಗಿ ದಾಖಲಿಸಿರುವುದು ಕಂಡುಬಂದಿದೆ." ಅದರ ಕೆಳಗೆ ಲೇಖನದ ಹೆಸರು, ಬರೆದವರ ಹೆಸರು. ನಾಲ್ಕನೆಯದು ನನ್ನದು.

ಆ ಜೆರಾಕ್ಸಿನ ಹಿಂದೆ ನೀನು ಪೆನ್ಸಿಲಿನಲ್ಲಿ ಬರೆದಿದ್ದಿ: "ಇದರಲ್ಲಿ ನಿನ್ನ ಹೆಸರು ಪ್ರಿಂಟಾಗಿದೆ ಅಲ್ದಾ ಮಗಾ. ಓದಿದ್ದು ಸಾರ್ಥಕ. ಪುಸ್ತಕ ಯಾವಾಗ ತರ್ತಿ?" ನೀನು ಸಿಟ್ಟಿನಲ್ಲಿ ಬರೆದದ್ದೋ ಖುಷಿಯಲ್ಲೋ ನನಗೆ ಗೊತ್ತಾಗಲಿಲ್ಲ. ಸಿಟ್ಟೇ ಆಗಿರಲಿ ಎಂದು ಎಂಟು ದಿನದಿಂದ ಅಂದುಕೊಳ್ಳುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಡಿಸೆಂಬರಿನಲ್ಲಿ ಡಾ. ಯಜ್ಞೇಶ ಸರ್ ನಮ್ಮ ಕ್ಲಾಸಿಗೆ ಬಂದು, "ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರು ಯಾರಿದ್ದೀರಿ?" ಎಂದು ಕೇಳಿದರು. ನೂರೈವತ್ತು ಜನರಲ್ಲಿ ಎದ್ದು ನಿಂತದ್ದು ನಾನೊಬ್ಬಳೇ. ಅಲ್ಲಿಯವರೆಗೆ ಆ ಕ್ಲಾಸಿನಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಮಂಗನ ಕಾಯಿಲೆ ಗೊತ್ತಾ ಎಂದರು. ಗೊತ್ತು ಸರ್, ನನಗೇ ಬಂದಿತ್ತು ಎಂದೆ. ಎಲ್ಲರೂ ತಿರುಗಿ ನೋಡಿದರು. ಆ ನೋಟದ ಖುಷಿಗೆ ಬಾಯಿ ನಿಲ್ಲಲಿಲ್ಲ. ನನ್ನ ದೊಡ್ಡಮ್ಮ ಏಳು ವರ್ಷದಿಂದ ಪುಸ್ತಕ ಬರೆದಿಟ್ಟಿದ್ದಾಳೆ, ಯಾವ ಕಾಡಲ್ಲಿ ಮಂಗ ಸತ್ತಿತು, ತೋಟದ ಕೆಲಸದವರ ಯಾವ ಲೈನ್ ಮನೆಯಲ್ಲಿ ಜ್ವರ, ಯಾರಿಗೆ ಕಾಯಿಲೆ ಹರಡುವ ಉಣುಗು ಕಚ್ಚಿತ್ತು, ಎಲ್ಲ ತಾರೀಖು ಸಮೇತ ಇದೆ ಎಂದುಬಿಟ್ಟೆ. ಸರ್ ಅಲ್ಲೇ ಡಸ್ಟರ್ ಕೆಳಗಿಟ್ಟರು.

ಸಂಕ್ರಾಂತಿ ರಜೆಯಲ್ಲಿ ನಾನು ಬಂದದ್ದು ಅದಕ್ಕೇ. ನೀನು ಅಕ್ಕಿ ಡಬ್ಬದ ಹಿಂದಿನಿಂದ ಏಳೂ ಪುಸ್ತಕ ತೆಗೆದು ಸೆರಗಿನಲ್ಲಿ ಒರೆಸಿ ಕೊಟ್ಟೆ. "ಎರಡೇ ವಾರ ಅಲ್ದಾ? ಎನ್‌ಕ್ವಾಯರಿ ಇಟ್ಟಿದ್ದಾರೆ ಕಣೆ. ಲೈನಲ್ಲಿ ತೀರಿಹೋದ ಬೂತಪ್ಪಂಗೆ ಜ್ವರ ಬಂದದ್ದು ನಾನು ತಿಳಿಸ್ಲೇ ಇಲ್ಲ ಅಂತಾರೆ. ನನ್ನ ಬಾಯಿ ಮಾತು ಯಾರು ಕೇಳ್ತಾರೆ, ಈ ಪುಸ್ತಕವೇ ಸಾಕ್ಷಿ" ಎಂದೆ. ನಾನು ದೊಡ್ಡದಾಗಿ, "ಪೇಪರ್ ಬಂದ್ರೆ ನಿನ್ನ ಹೆಸ್ರೂ ಇರತ್ತೆ. ಆಮೇಲೆ ಯಾರ್ ನಿನ್ನ ಕೇಳೋದು?" ಎಂದೆ.

ಹೊರಡುವಾಗ ನೀನು ಬಾಗಿಲವರೆಗೆ ಬಂದು ಆ ಕೆಂಪು ಸೊನ್ನೆಗಳ ವಿಷಯ ಹೇಳಿದೆ. ಲೈನ್ ಮನೆಯವರು ಜ್ವರ ಬಂದು ಮಲಗಿದವರ ಹೆಸರನ್ನು ಬರೆಯಲು ಬಿಡುವುದಿಲ್ಲ. ಪುಸ್ತಕಕ್ಕೆ ಹೆಸರು ಹತ್ತಿದರೆ ಜೀವ ಉಳಿಯುವುದಿಲ್ಲ ಎಂಬ ಹೆದರಿಕೆ. ಅದಕ್ಕೆ ನೀನು ಜ್ವರ ಕಂಡ ದಿನದ ತಾರೀಖಿನ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸೊನ್ನೆ, ಅದರೊಳಗೆ ಮನೆ ನಂಬರು ಹಾಕುತ್ತಿದ್ದೆ. ಅವತ್ತೇ ಆಸ್ಪತ್ರೆಗೆ ತಿಳಿಸುತ್ತಿದ್ದೆ. ಜ್ವರ ಇಳಿದ ಮೇಲೆ, ಇಲ್ಲವೆಂದರೆ ಜೀವ ಹೋದ ಮೇಲೆ, ಆ ದಿನದ ತಾರೀಖಿನಲ್ಲಿ ಹೆಸರು. "ಓದಿದವ್ರಿಗೆ ಇದು ಅರ್ಥ ಆಗಲ್ಲ. ಕೇಳಿದ್ರೆ ಹೇಳು ಆಯ್ತಾ?" ಎಂದೆ. ನಾನು ಆಯ್ತು ಎಂದೆ.

ಬೂತಪ್ಪಣ್ಣನದೂ ಹಾಗೇ ಇದೆ. ಹೋದ ವರ್ಷ ಫೆಬ್ರವರಿ ನಾಲ್ಕಕ್ಕೆ ಸೊನ್ನೆ, ಪಕ್ಕದಲ್ಲಿ "ಫೋನ್ ಮಾಡಿದೆ, ಗಾಡಿ ಇಲ್ಲ ಎಂದರು". ಹದಿಮೂರಕ್ಕೆ, ಜೀವ ಹೋದ ದಿನ, ಹೆಸರು. ನಡುವೆ ಒಂಬತ್ತು ದಿನ. ನಮ್ಮ ಎಕ್ಸೆಲ್ ಶೀಟಿನಲ್ಲಿ ಹೆಸರಿಗೊಂದು ಕಾಲಂ, ಹೆಸರಿನ ಪಕ್ಕದ ತಾರೀಖಿಗೊಂದು ಕಾಲಂ ಇತ್ತು. ಸೊನ್ನೆಗೆ ಕಾಲಂ ಇರಲಿಲ್ಲ. ತಪ್ಪು ಅಲ್ಲಿ ಆಯಿತು.

ಮಾರ್ಚಿನಲ್ಲಿ ಪೇಪರ್ ಬಂತು. ಮೊದಲು ಯಜ್ಞೇಶ ಸರ್, ಎರಡನೆಯವರು ಪೀಜಿ ಮಾಡುತ್ತಿರುವ ಉಜ್ವಲ್ ಸರ್, ಮೂರನೆಯವರು ಜನ್ಮದಲ್ಲಿ ಉಣುಗು ಕಾಣದ ಇನ್ನೊಬ್ಬ ದೊಡ್ಡ ಸರ್, ನಾಲ್ಕನೆಯವಳು ನಾನು. ನಿನ್ನ ಹೆಸರನ್ನು ಹುಡುಕಿದೆ. ಕೊನೆಯಲ್ಲಿ "ಸ್ಥಳೀಯ ಕಾರ್ಯಕರ್ತೆಯೊಬ್ಬರ ದಾಖಲೆ" ಎಂದಷ್ಟೇ ಇತ್ತು. ಊರಿನ ಹೆಸರನ್ನು ಮಾತ್ರ ಪೂರ್ತಿ ಹಾಕಿದ್ದರು. ಆ ಭಾಗಕ್ಕೆ ಇರುವ ಆಶಾ ನೀನೊಬ್ಬಳೇ ಎನ್ನುವುದು ಸರ್‌ಗೆ ಹೊಳೆಯಲಿಲ್ಲ. ಆರ್ಡರ್ ಬರೆದವರಿಗೆ ಹೊಳೆಯಿತು.

ಇನ್ನು ಈ ಸೈಟೇಷನ್ ಎಂದರೆ ಏನೆಂದು ನಿನಗೆ ಹೇಳಬೇಕು, ಯಾಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರೆತ್ತಿ ಉಲ್ಲೇಖ ಮಾಡಿದರೆ ಒಂದು ಸೈಟೇಷನ್. ಯಾರ ಹೆಸರು ಹೆಚ್ಚು ಸಲ ಬರುತ್ತದೋ ಅವರು ದೊಡ್ಡ ವಿಜ್ಞಾನಿ. ಅದಕ್ಕೆ ಎಚ್-ಇಂಡೆಕ್ಸ್ ಎಂಬ ಅಳತೆ ಇದೆ. ಹನ್ನೆರಡು ಬೇಕೆಂದರೆ ಹನ್ನೆರಡು ಪೇಪರ್ ಇರಬೇಕು, ಒಂದೊಂದನ್ನೂ ಕಡಿಮೆಯೆಂದರೆ ಹನ್ನೆರಡು ಸಲ ಯಾರಾದರೂ ಎತ್ತಿರಬೇಕು. ಸರ್ ಅವರದು ಹನ್ನೊಂದು. ಅವರು ಹಾಕಿರುವ ದೊಡ್ಡ ಹುದ್ದೆಗೆ ಹನ್ನೆರಡು ಬೇಕು. ಹನ್ನೆರಡನೆಯ ಪೇಪರ್ ನಮ್ಮದು. ಅದಕ್ಕೆ ಹನ್ನೊಂದು ಸೈಟೇಷನ್ ಆಗಿದೆ. ಒಂದು ಬಾಕಿ.

ಮೂರು ತಿಂಗಳಲ್ಲಿ ಹನ್ನೊಂದು ಹೇಗಾಯಿತು ಎಂದು ಕೇಳಬೇಡ. ನಾಟಿಗೆ ಮುಯ್ಯಾಳು ಹೋಗುವುದಿಲ್ಲವಾ, ಇವತ್ತು ಅವರ ಗದ್ದೆ, ನಾಳೆ ನಮ್ಮ ಗದ್ದೆ? ಇಲ್ಲೂ ಹಾಗೇ. ಸರ್ ಸ್ನೇಹಿತರ ಪೇಪರನ್ನು ಇವರು ಎತ್ತುತ್ತಾರೆ, ಇವರದನ್ನು ಅವರು. ಮುಯ್ಯಾಳಿನಲ್ಲಿ ಕೊನೆಗೆ ಗದ್ದೆಯಾದರೂ ಹಸಿರಾಗುತ್ತದೆ. ಆ ಹನ್ನೊಂದರ ಪಟ್ಟಿ ಮಾಡುವ ಕೆಲಸ ಸರ್ ನನಗೇ ಕೊಟ್ಟಿದ್ದರು. ಒಂದರಲ್ಲಿ ನಮ್ಮ ಪೇಪರಿನ ಹೆಸರು ಸಕ್ಕರೆ ಕಾಯಿಲೆಯ ಮಧ್ಯೆ ಇತ್ತು. ಯಾಕೆ ಎಂದು ಆ ಪೇಪರ್ ಪೂರ್ತಿ ಓದಿದರೂ ಗೊತ್ತಾಗಲಿಲ್ಲ.

ನಿನ್ನ ಆರ್ಡರ್ ಹಿಡಿದುಕೊಂಡು ಸೋಮವಾರ ಸರ್ ರೂಮಿಗೆ ಹೋದೆ. ಅವರು ಕಂಪ್ಯೂಟರ್ ನೋಡುತ್ತಲೇ, "ಬಾ ಭವ್ಯ, ನಿನ್ನ ಕೈಗುಣ ನೋಡೋಣ, ಇದನ್ನ ಒಂದ್ಸಲ ರಿಫ್ರೆಶ್ ಮಾಡು" ಎಂದರು. ಮಾಡಿದೆ. ಹನ್ನೊಂದೇ ಇತ್ತು. ಆಮೇಲೆ ಆರ್ಡರ್ ಕೊಟ್ಟೆ. ಓದಿದರು. ಕನ್ನಡಕ ತೆಗೆದು ಇಟ್ಟರು.

"ಅಯ್ಯೋ. ಇವ್ರು ನಿಮ್ಮ ದೊಡ್ಡಮ್ಮಾನಾ? ಆದ್ರೆ ನಾವು ಯಾರ ಹೆಸರನ್ನೂ ಹಾಕಿಲ್ವಲ್ಲ."

"ತಾರೀಖು ತಪ್ಪಾಗಿದೆ ಸರ್. ಸೊನ್ನೆ ಹಾಕಿರೋದೇ ತಿಳಿಸಿದ ದಿನ. ತಿದ್ದುಪಡಿ ಹಾಕಿಸ್ಬಹುದಾ?"

"ಹಾಕಿಸ್ಬಹುದು. ಆದ್ರೆ ಕರೆಕ್ಷನ್ ಇರೋ ಪೇಪರ್‌ನ ಯಾರೂ ಸೈಟ್ ಮಾಡಲ್ಲಮ್ಮ. ಜುಲೈ ಇಪ್ಪತ್ತಕ್ಕೆ ನನ್ನ ಇಂಟರ್‌ವ್ಯೂ. ಅದು ಮುಗೀಲಿ, ನಾನೇ ಬರೀತೀನಿ."

ಅಪೀಲು ಹಾಕಲು ಜುಲೈ ಹನ್ನೊಂದೇ ಕೊನೆ ಎಂದು ಆರ್ಡರಿನಲ್ಲೇ ಇದೆ ಎಂದೆ. ಅವರು ನನಗೆ ಟೀ ತರಿಸಿದರು. ಕೆಟ್ಟವರಲ್ಲ ದೊಡ್ಡಮ್ಮ. ಜನವರಿಯಲ್ಲಿ ನಾನು ಫಿಸಿಯಾಲಜಿಯಲ್ಲಿ ಫೇಲಾಗಿ ಅಳುತ್ತಿದ್ದಾಗ ಒಂದು ಗಂಟೆ ಕೂತು ಹೇಳಿಕೊಟ್ಟವರು. ಅದಕ್ಕೇ ನನಗೆ ಜಾಸ್ತಿ ಕಹಿಯಾಗುತ್ತದೆ. ಟೀ ಕುಡಿದು ಥ್ಯಾಂಕ್ಯೂ ಸರ್ ಎಂದು ಹೇಳಿ ಬಂದೆ.

ಪುಸ್ತಕ ವಾಪಸ್ ಕೊಡಿಸಿದ್ದು ಉಜ್ವಲ್ ಸರ್. ಸರ್ ಅವರ ಬೀರುವಿನ ಕೀಲಿ ಅವರ ಹತ್ತಿರ ಇರುತ್ತದೆ. ಏಳನ್ನೂ ಒಂದು ಅಕ್ಕಿ ಚೀಲಕ್ಕೆ ಹಾಕಿಕೊಟ್ಟರು. ಸರ್ ಕೇಳಿದರೆ ಏನು ಹೇಳುತ್ತೀರಿ ಎಂದೆ. "ಕಾಣೆಯಾಗಿದೆ ಅಂತ ಗೊತ್ತಾಗೋಕೆ ಬೀರು ತೆಗೀಬೇಕಲ್ಲ. ಅವರು ತೆಗೆಯಲ್ಲ. ಪೇಪರ್ ಆಯ್ತಲ್ಲ" ಎಂದರು. ಅವರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಚೀಲವನ್ನು ಈ ಕಾಗದದ ಜೊತೆ ಸೋಮನಾಥಣ್ಣನ ಕೈಗೇ ಕೊಡುತ್ತೇನೆ. ಡ್ರೈವರ್ ಸೀಟಿನ ಹಿಂದೆ ಇಟ್ಟುಕೋ, ಟಾಪಿಗೆ ಹಾಕಬೇಡ, ಮಳೆಗೆ ನೆನೆಯುತ್ತದೆ ಎಂದು ಹೇಳುತ್ತೇನೆ. ನೀನು ಅದನ್ನು ತೆಗೆದುಕೊಂಡು ಜುಲೈ ಹನ್ನೊಂದರೊಳಗೆ ಅಪೀಲಿಗೆ ಹೋಗು. ಬೂತಪ್ಪಣ್ಣನ ನಾಲ್ಕನೇ ತಾರೀಖಿನ ಪುಟಕ್ಕೆ ಕಾಗದ ಸಿಕ್ಕಿಸಿದ್ದೇನೆ. ಆದರೆ ಸೊನ್ನೆ ತೋರಿಸಿದರೆ ಅವರು, ಇದನ್ನು ನೀನು ಆಮೇಲೆ ಹಾಕಿಕೊಂಡಿದ್ದಿ, ಪೇಪರಿನಲ್ಲಿ ಸೊನ್ನೆಯ ಸುದ್ದಿಯೇ ಇಲ್ಲವಲ್ಲ ಎನ್ನುತ್ತಾರೆ.

ಸರ್ ಈಗಲೂ ದಿನಾ ಬೆಳಿಗ್ಗೆ ರಿಫ್ರೆಶ್ ಮಾಡುತ್ತಾರೆ. ನನಗೆ ಒಂದು ಮಾತು ಬಾಯಿ ತುದಿಗೆ ಬರುತ್ತದೆ. ನೀವು ಕಾಯುತ್ತಿರುವ ಹನ್ನೆರಡನೆಯದು ಆಗಲೇ ಬಂದಾಗಿದೆ ಸರ್, ಹಿರೇಕೊಡಿಗೆಯಲ್ಲಿ ನನ್ನ ದೊಡ್ಡಮ್ಮನ ಮನೆಗೆ, ಸರ್ಕಾರಿ ಸೀಲ್ ಸಮೇತ. ನಮ್ಮ ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಜವಾಗಿ ಓದಿ ಎತ್ತಿದವರು ಆ ಆರ್ಡರ್ ಬರೆದವರು ಮಾತ್ರ. ಅದು ಕಂಪ್ಯೂಟರಿನ ಲೆಕ್ಕಕ್ಕೆ ಬರುವುದಿಲ್ಲ.

ಎನ್.ಆರ್.ಪುರದ ತೋಟದಲ್ಲಿರುವ ಅಮ್ಮನಿಗೆ ಈಗಲೇ ಏನೂ ಹೇಳಬೇಡ. ಅವಳು ನನ್ನ ಹೆಸರು ಬಂದ ಪೇಪರನ್ನು ತೋಟದ ಲೆಕ್ಕ ಬರೆಯುವ ರೈಟರ್‌ಗೆ ತೋರಿಸಿದಳಂತೆ, ಅವರು ಲ್ಯಾಮಿನೇಷನ್ ಮಾಡಿಸಿ ಕೊಟ್ಟಿದ್ದಾರಂತೆ. ಗೋಡೆಗೆ ಹಾಕಿದ್ದಾಳೆ.

ಮಳೆಯಲ್ಲಿ ಓಡಾಡಬೇಡ. ಕೆಲಸ ಇಲ್ಲದಿದ್ದರೂ ಲೈನಿಗೆ ಹೋಗಿ ಜ್ವರ ವಿಚಾರಿಸುತ್ತಿದ್ದಿಯೆಂದು ಸೋಮನಾಥಣ್ಣ ಹೇಳಿದ. ಹೋಗಬೇಡ ಎಂದು ಬರೆಯುವ ಯೋಗ್ಯತೆ ನನಗಿಲ್ಲ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಪ್ರತಿ ಸಲ ನಾನು ಹೊರಡುವಾಗ ನೀನು ತಲೆ ಮೇಲೆ ಕೈಯಿಟ್ಟು ಹರಸುತ್ತಿ. ಈ ಸಲ ಕೇಳುವುದಿಲ್ಲ. ಪೂರ್ತಿ ಓದಿ ಮುಗಿಸಿದ ಮೇಲೆ ನಿನಗೆ ಮನಸ್ಸು ಬಂದರೆ ನೋಡು.

ನಿನ್ನ ಮಗಳು,
ಭವ್ಯ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಸೊನ್ನೆಗೆ ಕಾಲಂ ಇರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಅರ್ಧ ಸತ್ಯ. ಆ ಶೀಟಿಗೆ ತಾರೀಖು ತುಂಬಿದವಳು ನಾನು. ಉಜ್ವಲ್ ಸರ್ ಪುಸ್ತಕ ತಿರುವುತ್ತಾ, "ಈ ಕೆಂಪು ಸೊನ್ನೆ ಎಲ್ಲ ಏನು?" ಎಂದು ಕೇಳಿದ್ದರು. ಪಕ್ಕದಲ್ಲಿ ನನ್ನ ಕ್ಲಾಸಿನವರು ಮೂವರು ಇದ್ದರು, ಎಲ್ಲ ಇಂಗ್ಲಿಷ್ ಮೀಡಿಯಂ. ಹೆಸರು ಬರೆದರೆ ಜೀವ ಹೋಗುತ್ತದೆ ಎಂದು ನಮ್ಮ ಜನ ಹೆದರುತ್ತಾರೆ ಎಂದು ಅವರ ಮುಂದೆ ಹೇಳಲು ನನಗೆ ನಾಚಿಕೆಯಾಯಿತು. "ಏನಿಲ್ಲ ಸರ್, ಮಕ್ಕಳು ಗೀಚಿದ್ದು" ಎಂದೆ. ಆಗ ಅವರ ಕೈಯಲ್ಲಿ ತೆರೆದಿದ್ದದ್ದು 2019ರ ಪುಸ್ತಕ. ಆಗ ಶಾಲೆಯ ಹಾಸ್ಟೆಲಿನಿಂದ ಜ್ವರದಲ್ಲಿ ಬಂದು ಮಲಗಿದ್ದ ನನಗೆ ನೀನು ಹಾಕಿದ ಸೊನ್ನೆಯೂ ಅದೇ ಪುಟದಲ್ಲಿ ಇತ್ತು.

ಇದನ್ನೆಲ್ಲ ಬೇರೆ ಹಾಳೆಯಲ್ಲಿ, ನಾಲ್ಕನೆಯ ಲೇಖಕಿ ಎಂದು ಸಹಿ ಹಾಕಿ ಬರೆದಿದ್ದೇನೆ. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇದೆ. ಅಪೀಲಿನ ಜೊತೆ ಕೊಡು. ಕೊಟ್ಟರೆ ಕಾಲೇಜಿನಲ್ಲಿ ನನಗೆ ಏನಾಗುತ್ತದೆ ಎಂದು ಯೋಚಿಸಿ ನೀನು ಅದನ್ನು ಒಲೆಗೆ ಹಾಕಿಬಿಡುತ್ತಿ ಎಂಬುದೊಂದೇ ಈಗ ನನ್ನ ಹೆದರಿಕೆ. ಹಾಕಬೇಡ ದೊಡ್ಡಮ್ಮ.