ಎರಡನೇ ಬ್ರೇಕು

ಮಾರ್ಚ್ 3, ಸಂಜೆ

ಇವತ್ತೂ ಅದೇ. ಟೈಲರಕ್ಕ ಸ್ಟೀರಿಂಗ್ ಹಿಡಿದರು, ಬೀದಿ ದಾಟುವುದರೊಳಗೆ ಶುರು. "ಮೇಡಂ, ಗೇರ್ ಹಾಕ್ಲಾ? ಮೇಡಂ, ತಿರುಗಿಸ್ಲಾ? ಮೇಡಂ, ಹೋಗ್ಲಾ?" ವಯಸ್ಸಿನಲ್ಲಿ ನನ್ನ ಚಿಕ್ಕಮ್ಮನಾಗಬೇಕು. ಮೇಡಂ ಅಂತೆ. ಸರ್ಕಲ್ ಇನ್ನೂ ದೂರ ಇರುವಾಗಲೇ ನನ್ನ ಕಡೆಯ ಬ್ರೇಕ್ ಒತ್ತಿದೆ. ಕಲಿಯುವವರು ತಪ್ಪಿದರೆ ಇರಲಿ ಅಂತ ಕಲಿಸುವ ನನ್ನ ಕಾಲ ಬಳಿಯೂ ಒಂದು ಕೊಟ್ಟಿದ್ದಾರೆ. ಅಕ್ಕ ಬೆಚ್ಚಿಬಿದ್ದು "ಸಾರಿ ಮೇಡಂ" ಅಂದರು.

ಅಕ್ಕ ಎರಡು ಸಲ ಲೈಸೆನ್ಸ್ ಟೆಸ್ಟ್ ಫೇಲ್. ಮೂರನೆಯದು 21ಕ್ಕೆ. ಬಗ್ಗಿ ಬಗ್ಗಿ ಕತ್ತು ಹೋಗಿದೆ, ಹೊಲಿಗೆ ಮಿಷನ್ ಬಿಡಿ ಅಂದಿದ್ದಾರೆ ಡಾಕ್ಟರು. ಲೈಸೆನ್ಸ್ ಬಂದರೆ ಗಾರ್ಮೆಂಟ್ಸ್‌ನವರು ವ್ಯಾನ್ ಓಡಿಸುವ ಕೆಲಸ ಕೊಡುತ್ತಾರೆ. ಈ ಸಲವೂ ಬರದಿದ್ದರೆ ಆ ಕೆಲಸ ಬೇರೆಯವರಿಗೆ.

ಮಾರ್ಚ್ 5

ಡ್ರೈವಿಂಗ್ ಸ್ಕೂಲಿನ ಯಜಮಾನರು ಯಾವುದೋ ಟ್ರೈನಿಂಗ್ ಮುಗಿಸಿ ಬಂದಿದ್ದಾರೆ. ಬಾಯಿ ತುಂಬ ಹೊಸ ಮಾತು. ಇನ್ನು ನಾವೆಲ್ಲ ಕೋಚ್‌ಗಳಂತೆ. ಕೋಚ್ ಆದವರು ಶ್ಯಾಡೋ ವರ್ಕ್ ಮಾಡಬೇಕಂತೆ.

"ಅಂದ್ರೇನ್ ಸಾರ್?" ಹಾರ್ನ್ ಮಾವ ಕೇಳಿದರು. ಇನ್ನೊಂದು ಕಾರಿನಲ್ಲಿ ಕಲಿಸುವವರು. ಕಲಿಯುವವರ ಮೇಲೆ ಕಿರುಚುವುದು ಆಚೆ ಬೀದಿಗೂ ಕೇಳುತ್ತದೆ, ಅದಕ್ಕೇ ಆ ಹೆಸರು.

"ಯಾರಿಗೂ ತೋರಿಸ್ದೆ ಒಳಗೆ ಬಚ್ಚಿಟ್ಕೊಂಡಿರ್ತೀವಲ್ಲ, ಅದನ್ನ ನಾವೇ ನೋಡ್ಕೊಳ್ಳೋದು. ಯಾರನ್ನ ಕಂಡ್ರೆ ಮೈ ಉರಿಯುತ್ತೋ, ಅವರಲ್ಲಿ ನಮ್ಮದೇ ಏನೋ ಇರುತ್ತೆ. ದಿನಾ ಸಂಜೆ ಬರೀರಿ. ಶನಿವಾರ ಒಬ್ಬೊಬ್ಬರೂ ಒಂದೊಂದು ಹೇಳ್ಬೇಕು."

"ನನಗೆ ನಿಮ್ಮನ್ನ ಕಂಡ್ರೇನೇ ಉರಿಯುತ್ತೆ ಸಾರ್. ಹಂಗಂತ ಯಜಮಾನ ಆಗ್ಬಿಡ್ತೀನಾ?" ಅಂದರು ಮಾವ.

ಎಲ್ಲರೂ ನಕ್ಕರು. ನಾನೂ. ಆದರೆ ಎಲ್ಲರ ಮುಂದೆ ಎದ್ದು ಮಾತಾಡಬೇಕಲ್ಲ... ಊಟ ಸೇರಲಿಲ್ಲ.

ಮಾರ್ಚ್ 6

ಯಾರನ್ನು ಕಂಡರೆ ಉರಿ? ಟೈಲರಕ್ಕ. ಏಕೆ? ಎಲ್ಲದಕ್ಕೂ ಕೇಳುತ್ತಾರೆ.

ಇಷ್ಟು ಬರೆದು ಎದ್ದೆ. ಸೆಕೆ. ಅಣ್ಣನ ರೂಮಿನ ಬಾಗಿಲಿಗೆ ಹೋಗಿ "ಅಣ್ಣಾ, ಫ್ಯಾನ್ ಹಾಕ್ಲಾ?" ಅಂದೆ. ನಾನು ಮಲಗುವ ನಡುಮನೆಯ ಫ್ಯಾನು! ಒಳಗಿಂದ ಅತ್ತಿಗೆ, "ಹಾಕ್ಕೊಳ್ಳೇ ತಾಯಿ, ಸ್ವಿಚ್ಚೇನು ಕಚ್ಚುತ್ತಾ?"

ಮತ್ತೆ ಪೆನ್ನು ಹಿಡಿದೆ. ಮೇಲಿನ ಸಾಲು ಓದಿದೆ: ಎಲ್ಲದಕ್ಕೂ ಕೇಳುತ್ತಾರೆ.

ಮಾರ್ಚ್ 8, ಶನಿವಾರ

ನನ್ನ ಸರದಿ ಬಂತು. "ನನಗೆ... ಸಿಟ್ಟು ಬೇಗ ಬರುತ್ತೆ" ಅಂದೆ. ಯಜಮಾನರು ಚಪ್ಪಾಳೆ ತಟ್ಟಿದರು.

ಸುಳ್ಳು. ಸಿಟ್ಟಲ್ಲ ಅದು. ನಾನು ಬ್ರೇಕ್ ಒತ್ತಿದಾಗ ಅಕ್ಕ ಬೆಚ್ಚುತ್ತಾರಲ್ಲ, ಆಗ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಈ ಲೋಕದಲ್ಲಿ ಒಬ್ಬರಾದರೂ ನನ್ನನ್ನು ಕೇಳಿ ಹೆಜ್ಜೆ ಇಡುತ್ತಾರೆ ಅಂತ.

ಹಾಳೆ ಹರಿಯಬೇಕೆನಿಸಿತು. ಹರಿಯಲಿಲ್ಲ.

ಮಾರ್ಚ್ 11

ಪ್ಯಾಂಟಿನ ಅಂಚು ಬಿಚ್ಚಿಕೊಂಡಿತ್ತು. ಟೈಲರಕ್ಕನ ಅಂಗಡಿಗೆ ಹೋದೆ. ಅಲ್ಲಿ ಕೂತಿದ್ದ ಅಕ್ಕ ಬೇರೆಯೇ ಹೆಂಗಸಿನಂತಿದ್ದರು. "ನೆಟ್ಟಗೆ ನಿಂತ್ಕೋಮ್ಮ. ಅಲ್ಲಾಡ್ಬೇಡ." ಬಾಯಲ್ಲಿ ಗುಂಡುಸೂಜಿ. ಪ್ಯಾಂಟು ಬದಲಿಸಿ ಕೊಟ್ಟೆ, ಪೆಡಲ್ ಮೇಲೆ ಕಾಲಿಟ್ಟರು. ಮಿಷನ್ ಓಡಿತು, ಹೊಲಿಗೆಯ ತುದಿಯಲ್ಲಿ ಸರಿಯಾಗಿ ನಿಂತಿತು. ಯಾರನ್ನೂ ಕೇಳಲಿಲ್ಲ.

"ಕಾರಲ್ಲಿ ಯಾಕಕ್ಕಾ ಹಿಂಗಿರಲ್ಲ ನೀವು?" ಬಾಯಿಂದ ಜಾರಿಹೋಯಿತು.

ತಕ್ಷಣ ಮೇಡಂ ಅನ್ನುವುದು ವಾಪಸ್. "ಕಾರಲ್ಲಿ ನಿಮ್ಮ ಮೊಣಕಾಲು ನೋಡ್ಬೇಕಲ್ಲ ಮೇಡಂ."

"ಮೊಣಕಾಲಾ?"

"ಹ್ಞೂಂ. ಅದು ಒಂಚೂರು ಎದ್ರೆ ಬ್ರೇಕ್ ಬೀಳುತ್ತೆ. ಏಳ್ತಾ ಇಲ್ವಾ ಅಂತ ನೋಡ್ಕೊಂಡೇ ಓಡ್ಸೋದು. ರಸ್ತೆ ನೋಡೋಕೆ ಪುರುಸೊತ್ತೆಲ್ಲಿ? ಟೆಸ್ಟಲ್ಲೂ ಆ ಇನ್ಸ್‌ಪೆಕ್ಟರ್ ಮೊಣಕಾಲೇ ನೋಡ್ತಾ ಕೂತೆ. ಪುಣ್ಯಾತ್ಮ ಅಲ್ಲಾಡಿಸ್ಲೇ ಇಲ್ಲ!"

ನಗುತ್ತ ದಾರ ಕಚ್ಚಿ ತುಂಡರಿಸಿದರು. ನನಗೆ ನಗು ಬರಲಿಲ್ಲ. ಎರಡು ಸಲ ಫೇಲ್ ಮಾಡಿಸಿದ್ದು ಯಾರೆಂದು ತಿಳಿಯಿತು.

ಮಾರ್ಚ್ 12

ದೊಡ್ಡ ಬ್ಯಾಗೊಂದನ್ನು ತೊಡೆಯ ಮೇಲಿಟ್ಟುಕೊಂಡೆ, ಮೊಣಕಾಲು ಕಾಣದಂತೆ. "ನಿಮಗೆ ಸರಿ ಕಂಡಿದ್ದು ಮಾಡಿ ಅಕ್ಕಾ. ಅಪಾಯ ಇದ್ರೆ ಮಾತ್ರ ನಾನು ಬ್ರೇಕ್ ಒತ್ತೋದು."

"ಬ್ಯಾಗ್ ತೆಗೀರಿ ಮೇಡಂ, ಕೈಕಾಲೇ ಆಡ್ತಿಲ್ಲ."

ತೆಗೆಯಲಿಲ್ಲ. ಇಳಿಜಾರು ಬಂತು. ಕೆಳಗೆ ಬಸ್ಸೊಂದು ನಿಂತಿದೆ. ಒತ್ತು, ಒತ್ತು ಅನ್ನುತ್ತಿದೆ ಕಾಲು. ಇನ್ನೂ ಜಾಗ ಇದೆ. ಗೊತ್ತು. ಆದರೂ...

ಒತ್ತಿಬಿಟ್ಟೆ. ಅಕ್ಕನ ಕಾಲು ಆಗಲೇ ಅವರ ಬ್ರೇಕಿನ ಮೇಲಿತ್ತು. ಇಬ್ಬರದೂ ಸೇರಿ ಕಾರು ಮುಗ್ಗರಿಸಿ ನಿಂತಿತು.

"ಹಾಕ್ತಿದ್ನಲ್ಲೇ ನಾನು!" ಅಕ್ಕ ಕಿರುಚಿದರು. "ಒಂದ್ ಕ್ಷಣ ತಡ್ಕೊಳ್ಳೋಕಾಗಲ್ವಾ ನಿಂಗೆ?"

ಬಾಗಿಲು ಬಡಿದು ಇಳಿದು ಹೋದರು. ಹಿಂದಿದ್ದ ವಾಹನಗಳದೆಲ್ಲ ಹಾರ್ನ್.

ಮಾರ್ಚ್ 15, ಶನಿವಾರ

ಜ್ವರ ಅಂತ ಹೇಳಿ ಮೀಟಿಂಗಿಗೆ ಹೋಗಲಿಲ್ಲ. ಜ್ವರ ಇಲ್ಲ.

ಮಾರ್ಚ್ 17

ಟೈಲರಕ್ಕ ಅವತ್ತಿನಿಂದ ಬಂದಿಲ್ಲ. ಹಾರ್ನ್ ಮಾವನ ಕಾರಿಗೆ ಹಾಕಿ ಅಂತ ಕೇಳಿದ್ದಾರಂತೆ. "ನನ್ ಕೂಗಾಟ ಕಿವಿಗಷ್ಟೇ ತಗಲೋದು ಕಣಮ್ಮ, ಕಾಲಿಗಲ್ಲ" ಅಂದರು ಮಾವ. ತಮಾಷೆಗೇ. ನೆಟ್ಟಗೆ ಎದೆಗೆ ಬಂತು.

ಕೆಲಸ ಮುಗಿಸಿ ಅಂಗಡಿಗೆ ಹೋದೆ. ಬಾಗಿಲಲ್ಲೇ ನಿಂತೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಯಿತು.

"ನೀವು ಬೆಚ್ಚಿದ್ರೆ ನಂಗೆ ಖುಷಿಯಾಗ್ತಿತ್ತು ಅಕ್ಕಾ."

ಮಿಷನ್ ನಿಂತಿತು.

"ಇದನ್ನ ಹೇಳೋಕೆ ಬಂದ್ಯಾ?"

"ಹ್ಞೂಂ."

"ನಾಚಿಕೆ ಆಗಲ್ವಾ?"

"ಆಗುತ್ತೆ."

ಬೈದಿದ್ದರೆ ಹಗುರಾಗುತ್ತಿತ್ತು. ಬಟ್ಟೆ ಮಡಚಿಟ್ಟು ಕೊನೆಗೆ ಅಂದರು: "ನಾಳೆ ಬೇಗ ಬರ್ತೀನಿ. ನಿನ್ ಶೂ ಬಿಚ್ಚಿ ಹಿಂದಿನ ಸೀಟಲ್ಲಿಡು. ಬರಿಗಾಲಲ್ಲಿ ಒತ್ತೋ ಮುಂಚೆ ನಿಂಗೂ ಸ್ವಲ್ಪ ಯೋಚ್ನೆ ಬರ್ಲಿ."

ಮಾರ್ಚ್ 20

ಇಳಿಜಾರು. ಬಸ್ಸು. ಸರ್ಕಲ್. ಒತ್ತಲಿಲ್ಲ. ಒಮ್ಮೆ ಮಾತ್ರ, ನಾಯಿ ಅಡ್ಡ ನುಗ್ಗಿದಾಗ. "ಅದು ಸರಿ" ಅಂದರು ಅಕ್ಕ. ಬಿಗಿಹಿಡಿದು ಬಿಗಿಹಿಡಿದು ಕಾಲ್ಬೆರಳು ನೋಯುತ್ತಿದೆ. ಕೂಡುರಸ್ತೆಯಲ್ಲಿ "ಹೋಗ್ಲಾ?" ಅಂದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಸುಮಾರು ಹೊತ್ತಾದ ಮೇಲೆ ಹೋದರು, ಬೈದುಕೊಂಡು.

ನಾಳೆ.

ಮಾರ್ಚ್ 21, ಬೆಳಿಗ್ಗೆ

ಟೆಸ್ಟ್ ಮೈದಾನದ ಬೆಂಚು. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಇವತ್ತು ಯಾರನ್ನೂ ಕೇಳಲಿಲ್ಲ. "ಸಂಜೆ ತಡ ಆಗುತ್ತೆ ಅಣ್ಣ" ಅಂತ ಹೇಳಿ ಹೊರಟೆ. ಅತ್ತಿಗೆ ಅಡುಗೆಮನೆಯಿಂದ ಕತ್ತು ಚಾಚಿ ನೋಡಿದರು.

ಅಕ್ಕನ ಪಕ್ಕ ಇನ್ಸ್‌ಪೆಕ್ಟರ್. ಕಾರು ದಿಬ್ಬ ಹತ್ತಿತು. ಹಿಂದಕ್ಕೆ ತಂದು ನಿಲ್ಲಿಸಿದ್ದೂ ಆಯಿತು.

ಈಗ ಗೇಟಿನಾಚೆಯ ಕೂಡುರಸ್ತೆ. ಎರಡು ಸಲವೂ ಅಕ್ಕ ಫೇಲಾದದ್ದು ಇಲ್ಲೇ. ಲಾರಿ ದಾಟಿಹೋಯಿತು. ರಸ್ತೆ ಖಾಲಿ. ಕಾರು ನಿಂತೇ ಇದೆ.

ಮೊಣಕಾಲು ನೋಡಬೇಡಿ ಅಕ್ಕಾ.

ಬೆಂಚಿನ ಕೆಳಗೆ ನನ್ನ ಬಲಗಾಲು ನೆಲ ಒತ್ತುತ್ತಿದೆ, ತನ್ನಷ್ಟಕ್ಕೆ ತಾನೇ. ಎರಡೂ ಕಾಲು ಎತ್ತಿ ಬೆಂಚಿನ ಮೇಲಿಟ್ಟುಕೊಂಡೆ. ಜನ ನೋಡುತ್ತಿದ್ದಾರೆ. ನೋಡಲಿ.

ಅಕ್ಕನ ತಲೆ ತಿರುಗಿತು. ಪಕ್ಕದ ಸೀಟಿಗಲ್ಲ, ರಸ್ತೆಗೆ. ಆ ಕಡೆ. ಈ ಕಡೆ. ಮುಂದಿನ ಚಕ್ರ ಉರುಳತೊಡಗಿತು—