ತಾರಸಿಯ ಮಣ್ಣು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹದಿನೈದು ದಿನದ ಹಿಂದೆ ಫೋನಿನಲ್ಲಿ ನೀನು, "ಅಮ್ಮಾ, ನಾನು ಮಗು ಕರ್ಕೊಂಡು ಬರೋದು ನಿಂಗೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬಿಡು" ಅಂದೆಯಲ್ಲ, ಅವತ್ತಿನಿಂದ ಅದೇ ಮಾತು ಕಿವಿಯಲ್ಲಿದೆ. ಒಮ್ಮೆ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ ಅಂದೆ, ಇನ್ನೊಮ್ಮೆ ನನಗೆ ಜ್ವರ ಅಂದೆ, ಆಮೇಲೆ ನೀರಿಲ್ಲ ಅಂದೆ. ಎಲ್ಲವೂ ಸುಳ್ಳು. ಬಣ್ಣವೂ ಇಲ್ಲ, ಜ್ವರವೂ ಇಲ್ಲ. ನೀರಂತೂ ಬೇಡವೆಂದರೂ ಬರುತ್ತಿತ್ತು, ಅದೂ ನಿನ್ನ ಕೋಣೆಯ ಛಾವಣಿಯಿಂದ.

ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇವತ್ತು ರಜೆ, ಲೆಕ್ಕ ನೋಡಬೇಕು ಅಂತ ನೆಪ ಹೇಳಿ ಬಂದೆ. ನೋಡು, ಮತ್ತೊಂದು ಸುಳ್ಳು.

ನಮ್ಮ ತಾರಸಿ ತೋಟದ ವಿಷಯ ನಿನಗೆ ಗೊತ್ತೇ ಇದೆ. ಪರಿಸರಕ್ಕೆ ಒಳ್ಳೆಯದಾಗುವ ಕಟ್ಟಡಗಳಿಗೆ ನಗರಸಭೆಯವರು ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಶುರು ಮಾಡಿದರು. ತಾರಸಿಯ ಅರ್ಧ ಭಾಗದಲ್ಲಿ ಗಿಡ ಇರಬೇಕು, ಮಳೆನೀರು ಹಿಡಿದಿಡಬೇಕು. ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು ಹೊಸದರಲ್ಲಿ ಮದುಮಗನ ಹಾಗೆ ಓಡಾಡಿದರು. ಮಕ್ಕಳು ಅವರಿಗೆ ಹಸಿರಪ್ಪ ಅಂತಲೇ ಹೆಸರಿಟ್ಟವು. ಲಾರಿಗಟ್ಟಲೆ ಮಣ್ಣು ಬಂತು. ನೀನು ಅರಿಯದ ಸಂಗತಿ ಒಂದಿದೆ. ಹಳೆಯ ಕಟ್ಟಡವಾದರೆ ಅದು ಭಾರ ತಡೆಯುತ್ತದೆಂದು ಎಂಜಿನಿಯರು ಬರೆದುಕೊಡಬೇಕು ಅಂತ ನಿಯಮದಲ್ಲೇ ಇದೆ. ಹಸಿರಪ್ಪನವರು ತಮ್ಮ ಪರಿಚಯದವರೊಬ್ಬರಿಂದ ಬರೆಸಿ ತಂದರು. ಆ ಮನುಷ್ಯ ಗೇಟಿನ ಹತ್ತಿರ ನಿಂತು ಕತ್ತೆತ್ತಿ ನೋಡಿ, ಕಾಫಿ ಕುಡಿದು ಹೋದ. ತಾರಸಿ ಹತ್ತಲೇ ಇಲ್ಲ. ನಾನು ಮೆಟ್ಟಿಲಿನಿಂದ ನೋಡುತ್ತಿದ್ದೆ. ಆಗ ಬಾಯಿ ಬಿಡಬಹುದಿತ್ತು. ಎಲ್ಲರಿಗೂ ಲಾಭವಾಗುವ ಕಡೆ ನಾನೊಬ್ಬಳು ಅಡ್ಡಬಾಯಿ ಹಾಕುವುದೇಕೆ ಅಂತ ಸುಮ್ಮನಾದೆ.

ಸುಮ್ಮನಾಗಲು ಇನ್ನೊಂದು ಕಾರಣ ನಿನ್ನ ಅಪ್ಪ. ಕಣ್ಣು ಮಂಜಾಗಿದೆ ಅಂತ ಡಿಪೋದವರು ಬಸ್ಸಿನ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಮೇಲೆ ಅವರು ಹೇಗಿದ್ದರು ಅಂತ ನಿನಗೆ ಪೂರ್ತಿ ಹೇಳಿಲ್ಲ. ಬೆಳಿಗ್ಗೆ ಎದ್ದು ಡ್ರೈವರ್ ಅಂಗಿ ತೊಟ್ಟು ಗೋಡೆ ನೋಡುತ್ತ ಕೂರುತ್ತಿದ್ದರು. ಮಾತಾಡಿಸಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ. ತೋಟ ಬಂದ ಮೇಲೆ ಮನುಷ್ಯ ಮತ್ತೆ ಮನುಷ್ಯನಾದ. ಕಣ್ಣಿಗೆ ಕಾಣದ ಹುಳುವನ್ನು ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದರು. ಬದನೆ ಗಿಡಕ್ಕೆ, "ಮುಂದೆ ಹೋಗಪ್ಪ, ಹಿಂದೆ ಜಾಗ ಇಲ್ಲ" ಅಂತ ಕಂಡಕ್ಟರನ ಹಾಗೆ ಗದರುವುದು ಕೇಳಿ ನಾನೊಬ್ಬಳೇ ಅಡುಗೆಮನೆಯಲ್ಲಿ ನಕ್ಕಿದ್ದೇನೆ.

ಮಳೆಗಾಲದಲ್ಲಿ, ತೋಟದ ನೇರ ಕೆಳಗಿರುವ ನಿನ್ನ ಕೋಣೆಯಲ್ಲಿ, ಮಂಚದ ಮೇಲಿನ ಛಾವಣಿಯಲ್ಲಿ ತೇವ ಕಾಣಿಸಿತು. ಆಮೇಲೆ ಕೂದಲೆಳೆಯ ಹಾಗೆ ಒಂದು ಬಿರುಕು. ಆಮೇಲೆ ಅದು ಕೂದಲೆಳೆಯಾಗಿ ಉಳಿಯಲಿಲ್ಲ. ಒಂದು ಸಂಜೆ ಅಂಗಡಿಯಿಂದ ಬಂದು ನೋಡಿದರೆ ಅಂಗೈ ಅಗಲದ ಗಾರೆಯ ಚಕ್ಕೆ ನಿನ್ನ ದಿಂಬಿನ ಮೇಲೆ ಬಿದ್ದಿದೆ. ಮೇಲೆ ತುಕ್ಕು ಹಿಡಿದ ಕಬ್ಬಿಣ ಹಲ್ಲು ಕಿರಿಯುತ್ತಿದೆ. ದಿಂಬಿನ ಪಕ್ಕದಲ್ಲೇ ಮಗು ಹೋದ ಸಲ ಬಿಟ್ಟುಹೋದ ಬಟ್ಟೆಯ ಆನೆ. ಚಕ್ಕೆ ಹೊರಗೆ ಎಸೆದೆ, ಹಾಸಿಗೆ ಕೊಡವಿದೆ, ಬಾಗಿಲು ಮುಂದೆ ಮಾಡಿದೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ತೋಟ ಹೋಗುತ್ತದೆ, ತೋಟ ಹೋದರೆ ಅವರು ಮತ್ತೆ ಆ ಗೋಡೆಯ ಮುಂದೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗಾಯಿತು. ಆಗಲೇ ನಿನ್ನ ಫೋನು ಬಂದದ್ದು, ರಜೆಗೆ ಬರುತ್ತೇವೆ ಅಂತ.

ಹಸಿರಪ್ಪನವರಿಗೆ ಮೆಲ್ಲಗೆ ಹೇಳಿ ನೋಡಿದೆ. ಅವರು ಸುತ್ತ ಯಾರಾದರೂ ಇದ್ದಾರಾ ಅಂತ ನೋಡಿ, "ಸ್ವಲ್ಪ ಸಿಮೆಂಟ್ ಮೆತ್ತಿಸಿಬಿಡಿ ಅಕ್ಕ. ಐದು ವರ್ಷದೊಳಗೆ ತೋಟ ತೆಗೆದ್ರೆ ಕೊಟ್ಟ ರಿಯಾಯಿತಿ ಎಲ್ಲಾ ವಾಪಸ್ ಕಟ್ಬೇಕು. ಇಷ್ಟು ಮನೆಯವರಿಗೆ ಯಾರು ಉತ್ತರ ಹೇಳೋದು?" ಅಂದರು. ಅವರ ಮುಖ ನೋಡಿದೆ. ಅವರಿಗೂ ಹೆದರಿಕೆಯೇ. ಹೆದರಿದವರ ಹತ್ತಿರ ಧೈರ್ಯ ಕೇಳಿದರೆ ಎಲ್ಲಿಂದ ತಂದಾರು?

ನೀನು "ನೇರವಾಗಿ ಹೇಳ್ಬಿಡು" ಅಂದ ಮಾರನೆಯ ದಿನ ನಗರಸಭೆಗೆ ಹೋದೆ. ಕಟ್ಟಡಗಳ ವಿಭಾಗದಲ್ಲಿ ಒಬ್ಬ ಎಂಜಿನಿಯರಮ್ಮ ಕೂತಿದ್ದರು, ನಿನ್ನ ವಯಸ್ಸೇ ಇರಬಹುದು. "ನನಗೆ ಪರಿಚಯದವರೊಬ್ಬರು ಇದ್ದಾರೆ, ಅವರ ಮನೆಯಲ್ಲಿ..." ಅಂತ ಶುರು ಮಾಡಿದೆ. ಮಾತು ಅರ್ಧಕ್ಕೆ ಬಂದಾಗ ಅವರು ಪೆನ್ನು ಕೆಳಗಿಟ್ಟು, "ಆ ಪರಿಚಯದವರು ಇವತ್ತು ಅದೇ ಕೋಣೇಲಿ ಮಲಗ್ತಾರಾ?" ಅಂತ ಕೇಳಿದರು. ಇಲ್ಲ ಅಂದೆ. "ಒಳ್ಳೇದಾಯ್ತು. ಈಗ ನಿಮ್ಮ ವಿಳಾಸ ಹೇಳಿ ಅಮ್ಮ" ಅಂದರು. ನನಗೆ ಅಳು ಬಂದುಬಿಟ್ಟಿತು ಮಗಳೇ, ಅಷ್ಟು ಜನರ ಮುಂದೆ.

ಅವರು ಅವತ್ತೇ ಬಂದರು. ಮೆಟ್ಟಿಲಲ್ಲಿ ಅಪ್ಪ ನೀರಿನ ಕೊಡ ಹಿಡಿದು ಎದುರಾದರು. ನನ್ನನ್ನು ನೋಡಿದರು, ಅವರನ್ನು ನೋಡಿದರು, ಕೊಡವನ್ನು ಪಕ್ಕಕ್ಕೆ ಹಿಡಿದು ದಾರಿ ಬಿಟ್ಟರು. ಎಂಜಿನಿಯರಮ್ಮ ಕೋಣೆಯೊಳಗೆ ಒಂದು ಕೋಲಿನಿಂದ ಛಾವಣಿ ತಟ್ಟಿದರು. ಟೊಳ್ಳು ಸದ್ದು. ಆಮೇಲೆ ತಾರಸಿಗೆ ಹೋಗಿ ಮಣ್ಣಿಗೆ ಕೈ ಹಾಕಿದರು, ಮೊಣಕೈವರೆಗೂ ಇಳಿಯಿತು. ಕೆಳಗೆ ನೀರು ತಡೆಯುವ ಹಾಳೆ ಹರಿದು, ನೀರೆಲ್ಲ ಕಾಂಕ್ರೀಟಿಗೆ ಇಳಿದಿತ್ತಂತೆ. "ಈ ಮಣ್ಣು ನಾಳೆನೇ ಇಳೀಬೇಕು. ಇನ್ನೊಂದು ದೊಡ್ಡ ಮಳೆ ಬಂದ್ರೆ ನಾನು ಜವಾಬ್ದಾರಿ ಹೊರೋಕಾಗಲ್ಲ" ಅಂದರು. ನಿನ್ನ ಕೋಣೆಯಲ್ಲಿ ಈಗ ಕಬ್ಬಿಣದ ಕಂಬಗಳು ಛಾವಣಿ ಹೊತ್ತು ನಿಂತಿವೆ.

ಸಂಘದ ಸಭೆಯಲ್ಲಿ ನನಗೆ ಮಂಗಳಾರತಿಯೇ ಆಯಿತು. ಎದುರುಮನೆಯ ಟೀಚರು, "ನಮ್ಮನ್ನ ಒಂದು ಮಾತು ಕೇಳ್ಬಹುದಿತ್ತಲ್ಲ" ಅಂದರು. ಅದು ನಿಜವೇ. ಕೆಳಗಿನ ಮನೆಯವರು ಈಗ ನನ್ನ ಮುಖ ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅಪಾಯವಿದೆ ಅಂತ ತಾವಾಗಿಯೇ ಬಂದು ತಿಳಿಸಿದವರಿಂದ ರಿಯಾಯಿತಿ ವಾಪಸ್ ಪಡೆಯದಿರಲು ನಿಯಮದಲ್ಲಿ ಅವಕಾಶ ಇದೆಯಂತೆ. ಎಂಜಿನಿಯರಮ್ಮ ಹಾಗೆಂದೇ ಬರೆದು ಮೇಲಿನವರಿಗೆ ಕಳಿಸಿದ್ದಾರೆ. ಆದರೆ ಕಟ್ಟಡ ಭಾರ ತಡೆಯುತ್ತದೆಂದು ಬರೆಸಿದ ಆ ಸುಳ್ಳು ಪತ್ರದ ವಿಷಯವೂ ಅಲ್ಲಿಗೇ ಹೋಗಿದೆ. ತೀರ್ಮಾನ ಬಂದಿಲ್ಲ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಬಾಗಿಲಿಗೆ ಓಡುತ್ತೇನೆ. ಹಸಿರಪ್ಪನವರು ಮೊನ್ನೆ ಮೆಟ್ಟಿಲಲ್ಲಿ ನಿಂತು, "ಪಾಪು ಬರೋದಿತ್ತಂತೆ, ನೀವು ಅದನ್ನ ಹೇಳ್ಲೇ ಇಲ್ಲ" ಅಂದರು.

ಮಣ್ಣು ಇಳಿಸುವಾಗ ಅಪ್ಪ ತಾವೇ ಮೊದಲ ಚೀಲ ಹೊತ್ತರು. ಕೂಲಿಯವರು ಬೇಡವೆಂದರೂ ಬಿಡಲಿಲ್ಲ. ಕೆಲವು ಗಿಡಗಳನ್ನು ಹಿತ್ತಲಿನ ಗೋಡೆಯ ಬುಡಕ್ಕೆ ನೆಟ್ಟಿದ್ದಾರೆ, ಉಳಿದಾವೋ ಇಲ್ಲವೋ. ನನ್ನೊಡನೆ ಮಾತು ಕಡಿಮೆ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಾರೆ. ಬೆಳಿಗ್ಗೆ ಅವರು ಏಳುವ ಸದ್ದಾದರೆ, ಎತ್ತ ಹೋಗುತ್ತಾರೆ, ಹಿತ್ತಲಿಗೋ, ಗೋಡೆಯ ಮುಂದಿನ ಆ ಕುರ್ಚಿಗೋ ಅಂತ ನಾನು ಕಣ್ಣು ಮುಚ್ಚಿಕೊಂಡೇ ಕಿವಿ ಕೊಡುತ್ತೇನೆ. ಇಲ್ಲಿಯವರೆಗೆ ಹಿತ್ತಲಿಗೇ ಹೋಗಿದ್ದಾರೆ.

ನೀನು ಬಾ. ನೀನೂ ಮಗುವೂ ನಮ್ಮ ಕೋಣೆಯಲ್ಲಿ ಮಲಗಿ, ನಾವು ನಡುಮನೆಯಲ್ಲಿ ಚಾಪೆ ಹಾಕಿಕೊಳ್ಳುತ್ತೇವೆ. ನಿನ್ನನ್ನು ಬೇಡ ಅಂದದ್ದು ಈ ಬಾಯಿ ಮಾತ್ರ.

ಇತಿ, ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮತ್ತೊಂದು ಮಾತು: ಕಾಗದವನ್ನು ಅಂಟಿಸದೆ ಮನೆಗೆ ತಂದೆ. ಇನ್ನು ಮುಚ್ಚುಮರೆ ಸಾಕು ಅನ್ನಿಸಿ ಅಪ್ಪನಿಗೆ ಓದಿ ಹೇಳಿದೆ. ಗಾರೆ ಬಿದ್ದ ಮಾತು ಬಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಬಿರುಕು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತಂತೆ. ನಾನು ಅಂಗಡಿಗೆ ಹೋದ ಮೇಲೆ ನಿನ್ನ ಮಂಚದ ಮೇಲೆ ನಿಂತು ಅದನ್ನು ಬೆರಳಲ್ಲಿ ಸವರಿ ನೋಡುತ್ತಿದ್ದರಂತೆ. ಆ ಭಾಗದ ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ ಯಾರೂ ಕಾಣದ ಹಾಗೆ ಬಸ್ ನಿಲ್ದಾಣದ ಮರದ ಬುಡಕ್ಕೆ ಸುರಿದು ಬರುತ್ತಿದ್ದರಂತೆ. ನನಗೇಕೆ ಹೇಳಲಿಲ್ಲ ಅಂತ ಕೇಳಿದೆ. "ತೋಟ ಹೋದ್ರೆ ನಾನು ಮತ್ತೆ ಹಾಗೇ ಆಗ್ಬಿಡ್ತೀನೇನೋ ಅಂತ ನಂಗೇ ಹೆದರಿಕೆ ಇತ್ತು ಕಣೇ" ಅಂದರು.